ಹೋದ ವರ್ಷದ ನೀರು

ಆ ಗಂಟು ನನ್ನ ಕಣ್ಣಿಗೆ ಬೀಳುವ ಮೊದಲು ಬಳೆಗೆ ಸಿಕ್ಕಿತು. ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡೆ. ಎಡಗೈಯವು ಸರಿದವು, ಬಲಗೈಯವು ಸರಿಯಲಿಲ್ಲ. ಬೆರಳಾಡಿಸಿ ನೋಡಿದರೆ ಮಣಿಕಟ್ಟಿನ ಒಳಮಗ್ಗುಲಲ್ಲಿ, ಚರ್ಮದ ಕೆಳಗೆ, ಹುಣಸೆ ಬೀಜದಷ್ಟು ಒಂದು ಗಂಟು. ನೋವಿಲ್ಲ. ಒತ್ತಿದರೆ ಆಚೀಚೆ ಜಾರುತ್ತಿತ್ತು. ನಿನ್ನೆ ಇರಲಿಲ್ಲ ಎಂದು ಆಣೆ ಮಾಡಿ ಹೇಳುವಂತಿದ್ದೆ.

ಅತ್ತೆಗೆ ತೋರಿಸಿದೆ. ಅವರು ಎಡಗೈ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು. "ಸೊಳ್ಳಿ ಕಡದಿರಬೇಕು, ಬಿಡು" ಎಂದು ಉಪ್ಪಿನ ಡಬ್ಬಿ ತರಲು ಒಳಗೆ ಹೋದರು. ಉಪ್ಪಿನ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಗಂಗಾವತಿ ಕಡೆಯವಳು, ಕಾಲುವೆಯ ನೀರು ಕುಡಿದು ಅನ್ನ ಉಂಡು ಬೆಳೆದವಳು. ಮದುವೆಯಾಗಿ ಯಲಬುರ್ಗಾ ಕಡೆಯ ಎರೆಹೊಲದ ಊರಿಗೆ ಬಂದು ವರ್ಷವಾಗಿತ್ತು. ನನ್ನ ರೊಟ್ಟಿ ಕಂಡರೆ ಮೈದುನ ಇದು ಯಾವ ಜಿಲ್ಲೆಯ ನಕಾಶೆ ಎಂದು ಕೇಳುತ್ತಿದ್ದ. ಆ ಊರಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ, ಅಲ್ಲಿಯ ನೀರು ಛಲೋ ಅಲ್ಲ ಎಂದು ನಮ್ಮಪ್ಪನಿಗೆ ಯಾರೋ ಹೇಳಿದ್ದರಂತೆ. ಆದರೆ ಹುಡುಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸರ್ಕಾರಿ ನೌಕರಿಯ ಮುಂದೆ ನೀರಿನ ಮಾತು ಯಾರಿಗೆ ಬೇಕು?

ಇಡೀ ಊರಿಗೆ ಕುಡಿಯಲು ಇದ್ದದ್ದು ಒಂದೇ ಮೆಟ್ಟಿಲ ಬಾವಿ. ಸೀರೆ ಎತ್ತಿಕಟ್ಟಿ ಮೆಟ್ಟಿಲಿಳಿದು ಮೊಣಕಾಲಿನವರೆಗೆ ನೀರಿಗಿಳಿದು ಕೊಡ ಮುಳುಗಿಸಬೇಕು. ಹೊಸ ಸೊಸೆ ಮನೆಗೆ ಬಂದ ಮಾರನೆಯ ದಿನ ಅಲ್ಲಿ ಗಂಗಿಪೂಜೆ ಮಾಡಿ, ಮನೆಯ ಹಿರಿಯಳ ಕೈಯಿಂದ ಮೂರು ಬೊಗಸೆ ನೀರು ಕುಡಿಯಬೇಕೆಂಬುದು ನಮ್ಮ ಮನೆತನದ ಪದ್ಧತಿ. ನನಗೆ ಅತ್ತೆ ಚರಿಗೆಯಿಂದ ಸುರಿದಿದ್ದರು. ಅವರ ಕೈ ಬೊಗಸೆ ಹಿಡಿಯಲು ಬರುವಂತಿರಲಿಲ್ಲ. ಬಲಗೈ ಮಣಿಕಟ್ಟಿನಲ್ಲಿ ಒಳಕ್ಕೆ ಬಾಗಿ ಸೆಟೆದುಹೋಗಿತ್ತು. ಬೆರಳು ಪೂರ್ತಿ ಮಡಚುತ್ತಲೂ ಇರಲಿಲ್ಲ, ಬಿಚ್ಚುತ್ತಲೂ ಇರಲಿಲ್ಲ. ಹುಟ್ಟಿದಾಗಿನಿಂದ ಹಾಗೇ ಇರಬೇಕೆಂದುಕೊಂಡು ನಾನು ಕೇಳಿರಲಿಲ್ಲ.

ಗಂಟು ಕಂಡ ನಾಲ್ಕನೆಯ ದಿನ ಮಜ್ಜಿಗೆಗೆ ಬಂದ ನೆರೆಮನೆಯ ಮುದುಕಿ ನನ್ನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು.

"ನಿನ್ನ ಸೊಸಿಗೆ ನಾರು ಎದ್ದೈತಿ" ಎಂದು ಅತ್ತೆಗೆ ಹೇಳಿದಳು. "ನಿನಗೂ ಹಿಂಗ ಅಲ್ಲೇನು ಎದ್ದಿದ್ದು?"

ಅತ್ತೆ ಮಜ್ಜಿಗೆಯ ಲೋಟವನ್ನು ಅವಳ ಮುಂದಿಟ್ಟರು. ಮುದುಕಿಯೇ ಮಜ್ಜಿಗೆ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದಳು. ನಾರೆಂದರೆ ಮೈಯೊಳಗೆ ಬೆಳೆಯುವ ಹುಳು. ಬಿಳಿ ದಾರದಷ್ಟು ತೆಳು, ಮೊಳಗಟ್ಟಲೆ ಉದ್ದ. ಕಾಲಿಗೋ ಕೈಗೋ ಗುಳ್ಳೆ ಎಬ್ಬಿಸಿ ತಲೆ ಹೊರಗೆ ಹಾಕುತ್ತದೆ. ಆಮೇಲೆ ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲ ಎಳೆಯಬೇಕು. ಅವಸರ ಮಾಡಿ ಹರಿದರೆ ಒಳಗುಳಿದ ತುಂಡು ಕೊಳೆತು ಕೈಯನ್ನೇ ಕೆಡಿಸುತ್ತದೆ. ಅವಳು ಹೇಳುತ್ತಿದ್ದಷ್ಟು ಹೊತ್ತೂ ನಾನು ಅತ್ತೆಯ ಬಲಗೈಯನ್ನೇ ನೋಡುತ್ತಿದ್ದೆ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಸಾವಿಗಿಂತ ಹೆಚ್ಚಾಗಿ ಆ ಕೈಗೆ ಹೆದರಿದೆ.

ಅಲ್ಲಿಂದ ದಿನವೂ ಅದರ ಕಾವಲೇ ನನ್ನ ಕೆಲಸವಾಯಿತು. ಮೈ ಬೆಚ್ಚಗಾಗುತ್ತಿತ್ತು, ಕೈಯೆಲ್ಲ ತುರಿಕೆ. ಕೆಲವು ಸಲ ಚರ್ಮದ ಕೆಳಗೆ ಏನೋ ಮಗ್ಗುಲು ಬದಲಿಸಿದಂತಾಗಿ ಹಿಟ್ಟಿನ ಕೈಯಲ್ಲೇ ಎದ್ದು ನಿಲ್ಲುತ್ತಿದ್ದೆ. ಒಂದು ಮಧ್ಯಾಹ್ನ ಗಂಟಿನ ಮೇಲೆ ಗುಳ್ಳೆ ಎದ್ದು, ಕೆಂಡ ಇಟ್ಟ ಹಾಗೆ ಉರಿಯತೊಡಗಿತು. ತಡೆಯಲಾರದೆ ಕೊಡ ಹಿಡಿದು ಬಾವಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಕೈಯನ್ನು ಮೊಣಕೈವರೆಗೆ ನೀರಿಗೆ ಬಿಟ್ಟೆ.

ಎಂಥ ಹಾಯೆನಿಸಿತೆಂದರೆ ಅತ್ತುಬಿಟ್ಟೆ. ಗುಳ್ಳೆ ನೀರಿನೊಳಗೇ ಒಡೆಯಿತು. ಅಕ್ಕಿ ತೊಳೆದ ನೀರಿನಂಥ ಬಿಳುಪು ಕೈಯ ಸುತ್ತ ಹರಡಿ, ನೋಡುತ್ತಿದ್ದ ಹಾಗೆ ಕರಗಿತು. ನಾನು ಕೈ ತೆಗೆಯಲಿಲ್ಲ. ಬಹಳ ಹೊತ್ತು ಕೂತು, ಅಲ್ಲೇ ಕೊಡ ತುಂಬಿಕೊಂಡು ಮನೆಗೆ ಬಂದೆ.

ನಾರಿನ ತಲೆ ಹೊರಬಂದಿತ್ತು. ಅತ್ತೆ ಕಸಬರಿಗೆಯಿಂದ ಒಂದು ಕಡ್ಡಿ ಮುರಿದು ತಂದು ನನ್ನೆದುರು ಕೂತರು. ಮೂರು ವಾರ ದಿನವೂ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಗಾಯ ಮೆತ್ತಗೆ ಮಾಡಿ, ಎಡಗೈಯಲ್ಲಿ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಬಿಗಿ ಹಿಡಿಯಿತೆಂದರೆ ಅಲ್ಲಿಗೆ ನಿಲ್ಲಿಸಿ ಕಟ್ಟುತ್ತಿದ್ದರು. ಮನೆಯಲ್ಲಿ ಮೈದುನನ ಮದುವೆಯ ತಯಾರಿ ನಡೆದಿತ್ತು. ಹಿಟ್ಟು ಬೀಸಬೇಕು, ಹಪ್ಪಳ ಮಾಡಬೇಕು, ನನ್ನ ಕೈ ಮಾತ್ರ ಯಾವ ಕೆಲಸಕ್ಕೂ ಇಲ್ಲ. ಬೇಗ ಎಳೆದು ಮುಗಿಸಿಬಿಡಿ ಎಂದು ನಾನೇ ಒಂದು ದಿನ ಅಂದೆ.

"ನಮ್ಮತ್ತಿ ಹಂಗ ಎಳದಿದ್ಲು" ಎಂದರು ಅತ್ತೆ. "ಸುಗ್ಗಿ ಇತ್ತು, ಆಳು ಕಡಿಮಿ ಇದ್ರು. ನಾ ಎಳ್ಯಂಗಿಲ್ಲ ಯವ್ವಾ. ಎಷ್ಟು ದಿನಾ ಆದ್ರೂ ಆಗ್ಲಿ."

ಕಡೆಯ ತುಂಡು ಬಂದ ದಿನ ಅವರು ಆ ಕಡ್ಡಿಯನ್ನು ಒಲೆಗೆ ಹಾಕಿದರು. ನಾನು ಮುಷ್ಟಿ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಕೈ ಉಳಿದಿತ್ತು.

ಅದೇ ವಾರ ಸರ್ಕಾರದ ಕಡೆಯಿಂದ ಒಬ್ಬ ಬಂದು ಗುಡಿಯ ಕಟ್ಟೆಯ ಮೇಲೆ ಚಿತ್ರ ಹರವಿ ನಾರಿನ ಬಗ್ಗೆ ಹೇಳಿದ. ನಾರು ಎದ್ದವರು ಬಾವಿಗೆ ಇಳಿದರೆ ಹುಳು ನೀರಿನಲ್ಲಿ ಮರಿ ಬಿಡುತ್ತದೆ. ಆ ನೀರು ಕುಡಿದವರಿಗೆ ಒಂದು ವರ್ಷದ ಮೇಲೆ ನಾರು ಏಳುತ್ತದೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಲೇಬೇಕು. ಗಂಡಸರು ತಲೆಯಾಡಿಸಿ ಎದ್ದುಹೋದರು. ನಾವು ಅತ್ತೆ ಸೊಸೆ ಎದ್ದೇಳಲಿಲ್ಲ. ಇಬ್ಬರೂ ವರ್ಷದ ಲೆಕ್ಕ ಹಾಕುತ್ತಿದ್ದೆವು.

"ನನಗ ಗೊತ್ತಿರಲಿಲ್ಲ ಯವ್ವಾ" ಎಂದರು ಅತ್ತೆ, ನನ್ನ ಮುಖ ನೋಡದೆ.

ನಾನು ನಂಬಿದೆ. ಈಗಲೂ ನಂಬುತ್ತೇನೆ. ಆದರೆ ಬಾವಿಯಲ್ಲಿ ಕೈ ಬಿಟ್ಟು ಕೂತ ಸಂಗತಿಯನ್ನು ಅವರಿಗೆ ಹೇಳಲಿಲ್ಲ.

ಹತ್ತು ದಿನಕ್ಕೆ ಮೈದುನನ ಮದುವೆಯಾಯಿತು. ಮನೆಯಲ್ಲಿ ಹಿರಿಯ ಸೊಸೆ ಇದ್ದರೆ ಕಿರಿಯಳಿಗೆ ನೀರು ಹಾಕುವುದು ಅವಳ ಪಾಲಿನ ಕೆಲಸ. ಸೋಸುವ ಬಟ್ಟೆಯೊಂದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾವಿಗೆ ಹೋದೆ. ಅಲ್ಲಿ ಹೆಣ್ಣಿನ ಕಡೆಯವರು ಮೆಟ್ಟಿಲ ತುಂಬ ನಿಂತಿದ್ದರು. ಬಟ್ಟೆ ತೆಗೆದರೆ ಯಾಕೆಂದು ಕೇಳುತ್ತಾರೆ. ಹೇಳಿದರೆ ಊರಿಗೆ ಕೆಟ್ಟ ಹೆಸರು, ಅತ್ತೆಗೆ ಅವಮಾನ, ಮೊದಲ ದಿನವೇ ಜಗಳ. ಹೀಗೆಲ್ಲ ಯೋಚಿಸಿದೆ ಎಂದು ಈಗ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಧೈರ್ಯವಾಗಲಿಲ್ಲ, ಅಷ್ಟೇ. ನನ್ನ ಎರಡೂ ಕೈ ಜೋಡಿಸಿ, ವಾಸಿಯಾದ ಬಲಗೈಯೂ ಸೇರಿದಂತೆ, ಮೂರು ಬೊಗಸೆ ಹಾಕಿದೆ. ಬಾಯಾರಿದ್ದಳೋ ಏನೋ, ಹುಡುಗಿ ಒಂದು ಹನಿಯನ್ನೂ ಚೆಲ್ಲದೆ ಕುಡಿದಳು.

ಮಾರನೆಯ ದಿನದಿಂದ ಮನೆಯ ನೀರೆಲ್ಲ ಸೋಸಿದೆ. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದಂತೆ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಚುರುಕಿನ ಹುಡುಗಿ, ನನ್ನನ್ನು ಬಾಯ್ತುಂಬ ಅಕ್ಕಾರ ಎನ್ನುತ್ತಿದ್ದಳು, ನನ್ನ ರೊಟ್ಟಿಯನ್ನು ತಿದ್ದಿದವಳೂ ಅವಳೇ. ಅವಳು ಹಿಟ್ಟು ನಾದಲು ಬಳೆ ಸರಿಸಿದಾಗಲೆಲ್ಲ ನನ್ನ ಕಣ್ಣು ಅವಳ ಮಣಿಕಟ್ಟಿಗೆ ಹೋಗುತ್ತಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಯುಗಾದಿ ಬಂತು. ಏನೂ ಇರಲಿಲ್ಲ. ಪಾರಾದೆವು ಎಂದುಕೊಂಡೆ.

ಅದು ಅವಳ ಕಾಲಿಗೆ ಬಂತು. ಬೇಸಿಗೆಯ ಒಂದು ಬೆಳಿಗ್ಗೆ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದವಳು, "ಅಕ್ಕಾರ, ಇಲ್ಲೊಂದು ಗಂಟು ಆಗೈತಿ ನೋಡ್ರಿ" ಎಂದು ಕರೆದಳು. ಹಿಮ್ಮಡಿಯ ಮೇಲೆ, ಕಾಲ್ಗೆಜ್ಜೆಯ ಕೆಳಗೆ, ಹುಣಸೆ ಬೀಜದಷ್ಟು. ಸೊಳ್ಳೆ ಕಡಿದಿರಬೇಕು ಎಂಬ ಮಾತು ನನ್ನ ನಾಲಿಗೆಯ ಮೇಲೆಯೇ ಇತ್ತು.

"ಇದು ನಾರು" ಎಂದೆ. "ನನ್ನ ಕೈಯಾಗಿಂದು. ನಿನಗ ಆ ನೀರು ಹಾಕೂ ಮುಂದ ನನಗ ಗೊತ್ತಿತ್ತು."

ಆ ಬೇಸಿಗೆ ಊರಲ್ಲಿ ಇನ್ನೂ ನಾಲ್ಕಾರು ಜನರಿಗೆ ನಾರು ಎದ್ದಿತ್ತು. ಯಾರದು ಯಾರಿಗೆ ಹೋಯಿತೆಂದು ಹೇಳಬಲ್ಲವರು ಯಾರು? ಹಾಗೆಂದು ಅವಳಿಗೂ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಚೊಂಬಿನಲ್ಲಿ ಉಳಿದ ನೀರನ್ನು ಕಾಲಿಗೆ ಹಾಕಿಕೊಂಡು ಒಳಗೆ ಹೋದಳು. ನಾನು ಕಡ್ಡಿ ಹಿಡಿದು ಎದುರು ಕೂತಾಗ ಬೇಡವೆನ್ನಲಿಲ್ಲ. ಇಪ್ಪತ್ತಾರು ದಿನ ಸುತ್ತಿದೆ. ಹರಿಯಲಿಲ್ಲ. ಕಾಲು ಉಳಿಯಿತು.

ಈಗ ಆ ಬಾವಿಯ ನೀರು ಯಾರೂ ಕುಡಿಯುವುದಿಲ್ಲ, ನಾರೂ ಇಲ್ಲ. ನನ್ನ ನೆಗೆಣ್ಣಿ ಹಬ್ಬಕ್ಕೆ ಬಂದರೆ ನಾನು ಬಡಿಸಿದ್ದನ್ನೆಲ್ಲ ಉಣ್ಣುತ್ತಾಳೆ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಳ್ಳುತ್ತಾಳೆ, ನಗುತ್ತಾಳೆ. ನೀರಿನ ಚರಿಗೆಯನ್ನು ಮಾತ್ರ ತಾನೇ ಎದ್ದು ಹೋಗಿ ತುಂಬಿಕೊಳ್ಳುತ್ತಾಳೆ.