ಡೇರಿಯ ಬ್ರೇಕಿಂಗ್ ನ್ಯೂಸ್

ಮಸಗುಪ್ಪಿಯ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವನೊಬ್ಬನಿದ್ದ. ಲೀಟರಿನ ಮಾಪನ್ನೇ ಮೈಕಿನಂತೆ ಬಾಯಿಗೆ ಹಿಡಿದು, ಊರ ಮಾತು ಬಿಟ್ಟು, ಟಿವಿಯವರ ಕನ್ನಡದಲ್ಲಿ ಅರಚುತ್ತಿದ್ದ.

“ಇದೀಗ ಬಂದ ಸ್ಫೋಟಕ ಸುದ್ದಿ! ಕಾಕಾ ಅವರ ಎಮ್ಮೆಯ ಹಾಲಿನಲ್ಲಿ ನೀರು ಪತ್ತೆ! ಇದರ ಹಿಂದೆ ಯಾರ ಕೈವಾಡ? ಇಡೀ ರಾಜ್ಯ ಉತ್ತರ ಕೇಳುತ್ತಿದೆ! ನಮ್ಮಲ್ಲೇ ಮೊದಲು!”

“ಹಸಿ ಮೇವು ತಿಂತೈತೋ ತಮ್ಮಾ,” ಎಂದು ಸಾಲಿನಲ್ಲಿ ಕ್ಯಾನು ಹಿಡಿದು ನಿಂತ ಕಾಕಾ ಬಾಯಿ ತೆರೆದರೆ, “ಉತ್ತರಿಸಲಾಗದೆ ತಡವರಿಸಿದ ಕಾಕಾ! ನಮ್ಮಲ್ಲೇ ಮೊದಲು!” ಎಂದು ಮುಂದಿನ ಸುದ್ದಿ ಹೊರಡುತ್ತಿತ್ತು. ಮನೆಗೆ ಹೋಗಿ ಟಿವಿ ಹಾಕಿದರೆ, ಎಂಥ ದೊಡ್ಡ ಸುದ್ದಿಯಲ್ಲೂ ನಮಗೆ ಕಾಕಾನ ಎಮ್ಮೆಯೇ ಕಾಣುತ್ತಿತ್ತು.

ಆ ಮಳೆಗಾಲದಲ್ಲಿ ಘಟಪ್ರಭೆ ಏರತೊಡಗಿತು. ಟಿವಿಯವರು ದಿನಾ ನಮ್ಮೂರನ್ನು ಮುಳುಗಿಸುತ್ತಿದ್ದರು. ನಾವು ಒಣ ನೆಲದ ಮೇಲೆ ಕ್ಯಾನು ಹಿಡಿದು ನಿಂತು, ಮೊಬೈಲಿನಲ್ಲಿ ಅದನ್ನು ನೋಡಿ ನಗುತ್ತಿದ್ದೆವು. ಒಂದು ಮುಂಜಾನೆ ಹಾಲು ಅಳೆಯುವವನು ಹೊಳೆಯ ಕಡೆಯಿಂದ ಬಂದ.

“ಇವತ್ತಿನ ಬ್ರೇಕಿಂಗ್ ಏನೋ?” ಎಂದು ಕಾಕಾ ಕೆಣಕಿದರು.

ಅವನು ಮಾಪು ಮುಟ್ಟಲಿಲ್ಲ. “ನೀರು ಕೆಳಗಿನ ಓಣಿಗಿ ಬಂದೈತ್ರಿ ಕಾಕಾ. ದನಾ ಬಿಚ್ಚರಿ,” ಎಂದ, ಮೆಲ್ಲಗೆ.

ಖರೇನೋ ಸುಳ್ಳೋ ಎಂದು ಯಾರೂ ಕೇಳಲಿಲ್ಲ. ಕ್ಯಾನುಗಳನ್ನು ಅಲ್ಲೇ ಬಿಟ್ಟು ಓಡಿದೆವು. ಒಂದು ಕರುವೂ ನೀರುಪಾಲಾಗಲಿಲ್ಲ.

ಮರುದಿನ ಟಿವಿಯವರು ಬಂದು ಅವನ ಬಾಯಿಗೆ ನಿಜವಾದ ಮೈಕನ್ನೇ ಹಿಡಿದರು. ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆವು.

“ನೀರು ಬಂತ್ರಿ. ದನಾ ಬಿಚ್ಚಿದ್ವಿ,” ಎಂದ.

“ಇನ್ನೂ ಸ್ವಲ್ಪ ಜೋರಾಗಿ ಹೇಳಿ ಸರ್!”

“ಜೋರಾಗಿ ಹೇಳಿದ್ರ ನಮ್ಮೂರಾಗ ಯಾರೂ ನಂಬೂದಿಲ್ರಿ.”