ಎರಡಿಂಚು ಗಿಡ್ಡವಾದ ತೋಳು

ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಒಂದು ಕಾಲದಲ್ಲಿ ಅವರಿಗೆ ಚೀಟಿಯೇ ಬೇಕಿರಲಿಲ್ಲ. ಹತ್ತು ಜನರ ಎದೆ, ಸೊಂಟ, ತೋಳಿನ ಅಳತೆ ನಾಲಿಗೆಯ ತುದಿಯಲ್ಲಿರುತ್ತಿತ್ತು. ಆಮೇಲೆ ಕಾಯಿಲೆ ಬಂತು. ಒಮ್ಮೆ ವಾರಗಟ್ಟಲೆ ನಿದ್ದೆಗೆಟ್ಟು, ಹುಮ್ಮಸ್ಸು ನೆತ್ತಿಗೇರಿ, ಯಾರೂ ಕೇಳದ ಹದಿನಾಲ್ಕು ಕೋಟು ಕತ್ತರಿಸಿ ಹಾಕಿದರು. ಇನ್ನೊಮ್ಮೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದರು. ಡಾಕ್ಟರು ಕೊಟ್ಟ ಮಾತ್ರೆ ಈ ಏರಿಳಿತವನ್ನು ಹತೋಟಿಗೆ ತಂದಿತು. ಆದರೆ ತಲೆಗೆ ಮಂಜು ಕವಿದಂತಾಯಿತು. ಟೇಪಿನಲ್ಲಿ ಕಂಡ ಅಂಕಿ, ಸೀಮೆಸುಣ್ಣ ಕೈಗೆತ್ತಿಕೊಳ್ಳುವಷ್ಟರಲ್ಲಿ ಮಂಗಮಾಯ.

ನಾಚಿಕೆಗೆ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಡಾಕ್ಟರಿಗೂ.

ಒಂದು ದಿನ ಗಿರಾಕಿಯೊಬ್ಬ ಹೊಸ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ತೋಳು ಮಣಿಕಟ್ಟಿಗಿಂತ ಎರಡಿಂಚು ಮೇಲಿತ್ತು.

“ಇದೇನ್ರೀ, ನನ್ನ ತಮ್ಮನ ಕೋಟಾ?” ಎಂದ.

ಅಂಗಡಿಯ ಯಜಮಾನರಾದ ಸಾಹುಕಾರರು ಮಾಸ್ಟರ್ ಕಡೆ ತಿರುಗಿದರು. ಮಾಸ್ಟರಿಗೆ ಜೀವ ಬಾಯಿಗೆ ಬಂತು. “ನಾನು ಸರಿಯಾಗೇ ಕತ್ತರಿಸಿದ್ದೆ. ಹೊಲಿಯೋವಾಗ ಬಟ್ಟೆ ಜಾಸ್ತಿ ಒಳಗೆ ಹಿಡಿದಿರ್ಬೇಕು” ಎಂದುಬಿಟ್ಟರು.

ಹೊಲಿದವಳು ಗುಂಡಿ ಅಕ್ಕ. ಗುಂಡಿ ಹಚ್ಚುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು. ಸಾಹುಕಾರರು ಗಿರಾಕಿಯೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡರು. “ಕಣ್ಣು ಎಲ್ಲಿಟ್ಕೊಂಡು ಹೊಲೀತೀಯ?” ತೋಳನ್ನು ಒಳಮಗ್ಗುಲು ಮಾಡಿ ತೋರಿಸಿದ್ದರೆ ಸಾಕಿತ್ತು, ಹೊಲಿಗೆಯೊಳಗೆ ಹಿಡಿದ ಬಟ್ಟೆ ಅರ್ಧ ಇಂಚೂ ಇರಲಿಲ್ಲ, ತಪ್ಪು ಕತ್ತರಿಸಿದವರದೇ. ಅವಳು ತೋರಿಸಲಿಲ್ಲ. ಮಾಸ್ಟರನ್ನು ಒಮ್ಮೆ ನೋಡಿ, ಕೋಟು ಬಿಚ್ಚಿಸಿಕೊಂಡು ಮೆಷಿನ್ನಿಗೆ ಮರಳಿದಳು.

ಮನೆಯಲ್ಲಿ ಮಾಸ್ಟರ್ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಹೆಂಡತಿಗೆ ಎಲ್ಲ ಹೇಳಿ, “ಆ ಮಾತ್ರೆನೇ ಬಿಟ್ಬಿಡ್ತೀನಿ” ಎಂದರು.

“ಹದಿನಾಲ್ಕು ಕೋಟು ಮರ್ತುಹೋಯ್ತಾ? ಡಾಕ್ಟ್ರ ಹತ್ರ ಬಾಯಿ ಬಿಡಿ. ಆಮೇಲೆ ಆ ಹೆಣ್ಣುಮಗಳ ಹತ್ರ.”

ಹೋಗಲು ಧೈರ್ಯ ಬರುವಷ್ಟರಲ್ಲಿ ವಾರ ಕಳೆದಿತ್ತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. “ಕೆಲವರಿಗೆ ಹೀಗಾಗುತ್ತೆ. ಮೊದಲೇ ಹೇಳ್ಬಾರದಿತ್ತಾ? ಪ್ರಮಾಣ ಸ್ವಲ್ಪ ಇಳಿಸಿ ನೋಡೋಣ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ.”

ಮರುದಿನ ಅಂಗಡಿಯಲ್ಲಿ ಎಲ್ಲರೂ ಇದ್ದಾಗಲೇ ಮಾಸ್ಟರ್ ಹೇಳಿದರು, “ಆ ತೋಳು ಕೆಡಿಸಿದ್ದು ನಾನು. ಸುಳ್ಳು ಹೇಳಿದೆ.”

ಸಾಹುಕಾರರು ಕೈ ಬೀಸಿದರು. “ಹೋಗ್ಲಿ ಬಿಡಿ ಮಾಸ್ಟರ್, ಆಗುತ್ತೆ.”

ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. ಅವಳಿಗೆ ಬೈಗುಳ, ತನಗೆ ಇಷ್ಟು ಸಲೀಸು. “ಸುಮ್ಮನೆ ಬೈದೆ ಅಂತ ಅವಳಿಗೂ ಹೇಳಿ, ಯಜಮಾನ್ರೇ” ಎಂದರು. ಸಾಹುಕಾರರು ಏನೋ ಗೊಣಗಿ ಒಳಗೆ ಹೋದರು.

ಗುಂಡಿ ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. “ನಂಗೆ ಅವತ್ತೇ ಗೊತ್ತಿತ್ತು. ನೀವೇ ಹೇಳ್ತೀರಾ ಅಂತ ಒಂಬತ್ತು ದಿನ ಕಾದೆ.”

“ತಪ್ಪಾಯ್ತಮ್ಮ.”

ಅವಳು ಪರವಾಗಿಲ್ಲ ಎನ್ನಲಿಲ್ಲ.

ಮಂಜು ಪೂರ್ತಿ ಸರಿಯಲಿಲ್ಲ, ತೆಳುವಾಯಿತು. ಈಗ ಮಾಸ್ಟರ್ ಪ್ರತಿ ಅಳತೆಯನ್ನೂ ಬರೆದುಕೊಂಡು, ಕತ್ತರಿ ಹಿಡಿಯುವ ಮುಂಚೆ ಗಟ್ಟಿಯಾಗಿ ಓದುತ್ತಾರೆ. ಗುಂಡಿ ಅಕ್ಕ ಮೆಷಿನ್ ನಿಲ್ಲಿಸಿ, ತಲೆ ಎತ್ತದೆ, ಕೇಳಿಸಿಕೊಳ್ಳುತ್ತಾಳೆ.