ಕದಿರಮ್ಮ ದೇವರಿಗೆ ಕೊಟ್ಟ ಬೆರಳು

ತಾಯಿಯಿಲ್ಲದ ಮೊಮ್ಮಗಳು ಆದಿಲಕ್ಷ್ಮಿ ಗಂಡನೊಂದಿಗೆ ಸಿಲೋನಿನ ಟೀ ತೋಟಕ್ಕೆ ಹೊರಟು ಆರು ವರ್ಷವಾಯಿತು. ಅವತ್ತು ಟೇಕಲ್ ಸ್ಟೇಷನ್ನಿನಲ್ಲಿ ಅಜ್ಜಿ ಕದಿರಮ್ಮ ಮಾತು ಕೊಟ್ಟಿದ್ದರು: "ಅಳಬೇಡ ಕಣೇ. ನಿನ್ನ ಚೊಚ್ಚಲ ಕೂಸು ನನ್ನ ಕೈಗೇ ಬೀಳ್ಬೇಕು. ಸಮುದ್ರ ಅಡ್ಡ ಇದ್ರೂ ಬರ್ತೀನಿ."

ಟೇಕಲ್ ಸುತ್ತಿನ ಹಳ್ಳಿಗಳಲ್ಲಿ ಅರವತ್ತು ದಾಟಿದ ಈ ಸೂಲಗಿತ್ತಿಯ ಕೈಗೆ ಬೀಳದ ಕೂಸು ಅಪರೂಪ. ಈಗಲೂ ಕೋಳಿ ಕೂಗುವ ಹೊತ್ತಿಗೆ ಯಾರದೋ ಬಚ್ಚಲಲ್ಲಿ ಕಾಲು ಚಾಚಿ ಕೂತಿರುತ್ತಾರೆ. ಕಾಲ ಮೇಲೆ ಎಣ್ಣೆ ಹಚ್ಚಿದ ಕೂಸು, ಪಕ್ಕದಲ್ಲಿ ಹಬೆಯಾಡುವ ಹಂಡೆ. ಕೂಸಿನ ಮೂಗು ತೀಡುವ ಆ ಬಲಗೈಯಲ್ಲಿ ಉಂಗುರದ ಬೆರಳಿಗೂ ಕಿರುಬೆರಳಿಗೂ ತುದಿಯ ಗೆಣ್ಣಿಲ್ಲ. ಮಗಳ ಕಿವಿ ಚುಚ್ಚಿಸಿದಾಗ ಮನೆತನದ ಪದ್ಧತಿಯಂತೆ ದೇವರಿಗೆ ಒಪ್ಪಿಸಿದ್ದು. ಕಮ್ಮಾರ ಉಳಿಯಿಟ್ಟು ಹೊಡೆದಿದ್ದ. ಈಗಿನ ಸೊಸೆಯರು ಬೆರಳಿಗೆ ಚಿನ್ನದ ತಗಡು ಸುತ್ತಿ, ಅದನ್ನೇ ಬಿಚ್ಚಿ ಒಪ್ಪಿಸುತ್ತಾರೆ. ಬೆರಳಿಲ್ಲದೆ ಕೆಲಸ ಕಷ್ಟವಲ್ಲವೇ ಎಂದರೆ ಕದಿರಮ್ಮ ನಗುತ್ತಾರೆ. "ಕೂಸಿಗೆ ಪರಚೋ ಉಗುರು ಎರಡು ಕಮ್ಮಿ, ಅಷ್ಟೇ!"

ಹೋದ ವರ್ಷ, ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಆದಿಲಕ್ಷ್ಮಿ ಬಸುರಿಯೆಂಬ ಸುದ್ದಿ ಬಂತು. ತೋಟಕ್ಕೆ ಮರಳುತ್ತಿದ್ದ ಊರಿನ ಆವಲಪ್ಪನ ಜೊತೆ ಕದಿರಮ್ಮ ರೈಲು ಹತ್ತಿದರು. ಹಡಗಿಗೆ ಮುಂಚೆ ಎಲ್ಲರನ್ನೂ ಪರೀಕ್ಷಿಸುವ ಕ್ಯಾಂಪಿನಲ್ಲಿ ಡಾಕ್ಟರು ಆ ಕೈ ಕಂಡದ್ದೇ ಹಿಂದೆ ಸರಿದರು. ಅವರ ಮಾತನ್ನು ಕಾಂಪೌಂಡರು ಕದಿರಮ್ಮನಿಗೆ ಅರ್ಥವಾಗುವ ತೆಲುಗಿನಲ್ಲಿ ತಿಳಿಸಿದರು: ಇದು ಕುಷ್ಠ, ಆ ದೇಶದೊಳಗೆ ಬಿಡುವ ಹಾಗಿಲ್ಲ. ದೇವರಿಗೆ ಕೊಟ್ಟ ಬೆರಳೆಂದರೆ ಡಾಕ್ಟರು ನಂಬಲಿಲ್ಲ. ಅಂಥ ಪದ್ಧತಿಯನ್ನು ಅವರು ಕೇಳಿಯೇ ಇರಲಿಲ್ಲ.

"ಕಬ್ಬಿನ ಗಾಣಕ್ಕೆ ಸಿಕ್ಕೋಯ್ತು ಅನ್ನು ಅಜ್ಜಿ, ಬಿಡ್ತಾರೆ," ಎಂದು ಆವಲಪ್ಪ ಪಿಸುಗುಟ್ಟಿದ.

"ಏನ್ಲಾ! ದೇವ್ರಿಗೆ ಕೊಟ್ಟಿದ್ದನ್ನ ಗಾಣಕ್ಕೆ ಕೊಟ್ಟೆ ಅನ್ಲಾ?"

ಆವಲಪ್ಪ ಹಡಗು ಹತ್ತಿದ. ಕದಿರಮ್ಮ ಊರಿಗೆ ವಾಪಸು ಬಂದರು.

ವಾರಗಿತ್ತಿ ಮುನಿಶಾಮಮ್ಮ ಸುಮ್ಮನಿರಲಿಲ್ಲ. "ಒಂದು ಕೈ ನೋಡಿ ರೋಗ ಅಂದ. ಮೂರು ಕೈ ನೋಡಿದ್ರೆ ಏನಂತಾನೋ ಕೇಳೋಣ. ನಡಿಯಕ್ಕಾ!" ಆಕೆಯೂ ನಾದಿನಿ ಅಂಜಮ್ಮನೂ ಅದೇ ಪದ್ಧತಿಗೆ ಬೆರಳು ಕೊಟ್ಟವರು. ಕೋಲಾರದಾಚೆ ಕಾಲಿಡದ ಈ ಇಬ್ಬರೂ ಕದಿರಮ್ಮನ ಜೊತೆ ರೈಲು ಹತ್ತಿದರು.

ಕ್ಯಾಂಪಿನಲ್ಲಿ ಮೂವರು ಮುದುಕಿಯರು ಬಲಗೈ ಚಾಚಿ ಸಾಲಾಗಿ ನಿಂತರು. ಅವೇ ಎರಡು ಬೆರಳು, ಅದೇ ಗೆಣ್ಣು. ರೋಗ ಹೀಗೆ ಅಳತೆಯಿಟ್ಟು ತಿನ್ನುವುದಿಲ್ಲ. ಡಾಕ್ಟರು ಒಂದೊಂದೇ ಕೈ ಹಿಡಿದು ತಿರುಗಿಸಿ ನೋಡಿದರು, ಸೂಜಿ ತರಿಸಿ ಚುಚ್ಚಿದರು.

"ಅಯ್ಯೋ ದೇವುಡಾ! ಒಂದ್ಮಾತು ಹೇಳಿ ಚುಚ್ಚಬಾರ್ದಾ ಸ್ವಾಮಿ?" ಎಂದು ಮುನಿಶಾಮಮ್ಮ ಕಿರುಚಿದಾಗ ಡಾಕ್ಟರಿಗೂ ನಗು ಬಂತು. ಮೂವರಿಗೂ ನೋವು ತಿಳಿಯುತ್ತದೆ, ರೋಗವಿಲ್ಲ ಎಂದು ಕದಿರಮ್ಮನನ್ನು ಒಳಗೆ ಬಿಟ್ಟರು. ಆದರೆ ಹಡಗು ಹತ್ತಲು, ಎಲ್ಲರಂತೆ, ಕ್ಯಾಂಪಿನಲ್ಲಿ ನಿಗಾದಲ್ಲಿಡುವ ದಿನಗಳ ವಾಯಿದೆ ಮುಗಿಯುವ ತನಕ ಕಾಯಲೇಬೇಕಿತ್ತು.

ತೋಟ ಮುಟ್ಟುವಾಗ ಕೂಸು ಹುಟ್ಟಿ ಮೂರು ದಿನವಾಗಿತ್ತು. ಬಾಣಂತನ ಮಾಡಿ ಮುಗಿಸಿಯೇ ಕದಿರಮ್ಮ ಊರಿಗೆ ಮರಳಿದ್ದಾರೆ. "ಬಂದ್ಯಲ್ಲಜ್ಜಿ, ಅಷ್ಟೇ ಸಾಕು," ಎಂದಳಂತೆ ಆದಿಲಕ್ಷ್ಮಿ. ಅಜ್ಜಿ ಇದನ್ನು ಒಪ್ಪುವುದಿಲ್ಲ.

"ಬರ್ತೀನಿ ಅಂತ ಮಾತ್ರ ಅಂದಿರ್ಲಿಲ್ಲ. ಕೂಸು ನನ್ನ ಕೈಗೆ ಬೀಳ್ಬೇಕು ಅಂದಿದ್ದೆ. ಬೀಳ್ಲಿಲ್ಲ. ಮಾತು ತಪ್ಪಿದೆ."